ಯಹೂದಿಗಳು ಕಾಯುತ್ತಿರುವ ಮೆಸ್ಸೀಯ ಯಾರು? ನಮ್ಮ ಕಲ್ಕಿಯ ಹಾಗೆ ಅವನೂ ದೇವರ ಅವತಾರವೇ?

ಅವತಾರ ಅಲ್ಲ, ಮನುಷ್ಯನೇ. ನಾನೂ ಮೊದಲು ನಿಮ್ಮ ಹಾಗೇ ಅಂದುಕೊಂಡಿದ್ದೆ.

ಹೀಬ್ರೂ ಭಾಷೆಯ 'ಮಾಶೀಅಖ್' ಪದಕ್ಕೆ ತಲೆಗೆ ಎಣ್ಣೆ ಹೊಯ್ಯಿಸಿಕೊಂಡವನು ಅಂತ ಅರ್ಥ. ಕನ್ನಡ ಬೈಬಲಿನ 'ಅಭಿಷಿಕ್ತ' ಇದೇ. ಪಟ್ಟ ಕಟ್ಟುವಾಗ ಎಣ್ಣೆ ಹೊಯ್ಯುತ್ತಿದ್ದರು. ಕುರಿ ಕಾಯುತ್ತಿದ್ದು ಮುಂದೆ ರಾಜನಾದ ದಾವೀದನ ತಲೆಗೆ ಪ್ರವಾದಿ ಸಮುವೇಲ ಹೊಯ್ದದ್ದೂ ಹಾಗೇ. ಬೈಬಲಿನ ಯೆಶಾಯನ ಪುಸ್ತಕದ 45ನೇ ಅಧ್ಯಾಯದಲ್ಲಂತೂ ಯಹೂದಿಯೇ ಅಲ್ಲದ ಪರ್ಷಿಯಾದ ದೊರೆ ಕೋರೆಷನನ್ನೂ ಹೀಗೇ ಕರೆದಿದ್ದಾರೆ.

ದಾವೀದನ ವಂಶದಲ್ಲಿ ಒಬ್ಬ ರಾಜ ಬಂದು ಕಷ್ಟ ಕಳೆಯುತ್ತಾನೆ ಅನ್ನೋ ನಂಬಿಕೆ ಬಲವಾದದ್ದು ಕಾಲಕ್ರಮದಲ್ಲಿ. ಜೊತೆಗೆ ಯೋಸೇಫನ ವಂಶದ ಇನ್ನೊಬ್ಬ ಮೆಸ್ಸೀಯನೂ ಯಹೂದಿ ಗುರುಗಳ ಚರ್ಚೆ, ಕತೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ಬರುತ್ತಾನೆ. ಅವನು ಕೊಲೆಯಾಗುತ್ತಾನೆ, ಜನ ಅವನಿಗಾಗಿ ಗೋಳಾಡುತ್ತಾರೆ.

ನಾನೇ ಮೆಸ್ಸೀಯ ಅಂತ ಬಂದವರೂ ಇದ್ದಾರೆ, ಜನ ಹಾಗೆ ನಂಬಿದವರೂ ಇದ್ದಾರೆ. ಕ್ರಿ.ಶ. 132ರಲ್ಲಿ ರೋಮನ್ನರ ಮೇಲೆ ದಂಗೆ ಎದ್ದ ಬಾರ್ ಕೊಖ್ಬಾನನ್ನು ರಬ್ಬಿ (ಯಹೂದಿ ಧರ್ಮಗುರು) ಅಕಿವಾನಂಥ ದೊಡ್ಡ ವಿದ್ವಾಂಸನೇ ನಂಬಿದ. "ಅಕಿವಾ, ನಿನ್ನ ಕೆನ್ನೆಯಲ್ಲಿ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರಲ್ಲ" ಅಂದ ಇನ್ನೊಬ್ಬ ರಬ್ಬಿ, ನೀನು ಸತ್ತು ಮಣ್ಣಾದರೂ ಅನ್ನೋ ಅರ್ಥದಲ್ಲಿ. 135ರಲ್ಲಿ ದಂಗೆ ಸೋತು ಎಲ್ಲ ಮುಗಿಯಿತು.

1665ರಲ್ಲಿ ಶಬ್ಬತೈ ಜ್ವಿ ಬಂದ, ಈಗಿನ ಟರ್ಕಿಯ ಇಜ್ಮಿರ್ ಊರಿನವನು. ಸುದ್ದಿ ಯುರೋಪಿನ ತುಂಬ ಹಬ್ಬಿತು. ಹ್ಯಾಂಬರ್ಗಿನ ವ್ಯಾಪಾರಿ ಮನೆತನದ ಗ್ಲಿಕಲ್ ಎಂಬಾಕೆ ತನ್ನ ಬದುಕಿನ ಕತೆ ಬರೆದಿಟ್ಟಿದ್ದಾಳೆ. ಅವಳ ಮಾವ ಎರಡು ದೊಡ್ಡ ಪೀಪಾಯಿಗಳಲ್ಲಿ ಬಟ್ಟೆ, ಬಟಾಣಿ, ಒಣ ಮಾಂಸ ತುಂಬಿ ಇವಳ ಮನೆಗೆ ಕಳಿಸಿದ್ದ. ಕರೆ ಬಂದ ಕೂಡಲೇ ಪವಿತ್ರ ನಾಡಿಗೆ ಹಡಗು ಹತ್ತಬೇಕಲ್ವಾ! ಕರೆ ಬರಲಿಲ್ಲ. ಮಾಂಸ ಕೆಟ್ಟು ಬಟ್ಟೆ ಹಾಳಾದೀತು ಅಂತ ತಿನ್ನೋ ಸಾಮಾನೆಲ್ಲ ತೆಗೆಸಿದರು. ಪೀಪಾಯಿಗಳು ಮಾತ್ರ ಮೂರು ವರ್ಷ ಹಾಗೇ ಕಾದವು. 1666ರಲ್ಲೇ ಶಬ್ಬತೈ ಸುಲ್ತಾನನ ಮುಂದೆ ಇಸ್ಲಾಂಗೆ ಸೇರಿದ್ದ. ಆ ಪೀಪಾಯಿಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ಇಷ್ಟೆಲ್ಲ ಓದಿದ ಮೇಲೂ ನನಗೆ ಜಾಸ್ತಿ ಹತ್ತಿರವಾದ ಮೆಸ್ಸೀಯ ತಾಲ್ಮುದ್‌ನ ಒಂದು ಪುಟ್ಟ ಕತೆಯವನು. ಮೆಸ್ಸೀಯ ಯಾವಾಗ ಬರ್ತಾನೆ ಅಂತ ರಬ್ಬಿ ಯೆಹೋಶುವ ಪ್ರವಾದಿ ಎಲೀಯನನ್ನು ಕೇಳುತ್ತಾನೆ. "ಅವನನ್ನೇ ಕೇಳು. ರೋಮ್‌ನ ಊರಬಾಗಿಲಲ್ಲಿ ರೋಗಿಷ್ಟ ಬಡವರ ನಡುವೆ ಕೂತಿದ್ದಾನೆ" ಅನ್ನುತ್ತಾನೆ ಎಲೀಯ. ಗುರುತು ಹಿಡಿಯೋದು ಹೇಗೆ? ಬೇರೆಯವರು ಗಾಯದ ಪಟ್ಟಿಗಳನ್ನೆಲ್ಲ ಒಟ್ಟಿಗೆ ಬಿಚ್ಚಿ ಒಟ್ಟಿಗೆ ಕಟ್ಟುತ್ತಾರೆ. ಇವನು ಒಂದು ಬಿಚ್ಚಿ, ಅದನ್ನು ಕಟ್ಟಿದ ಮೇಲೇ ಇನ್ನೊಂದಕ್ಕೆ ಕೈ ಹಾಕುತ್ತಾನೆ. ಯಾವ ಗಳಿಗೆಯಲ್ಲಾದರೂ ಕರೆ ಬಂದೀತು, ತಡವಾಗಬಾರದು ಅಂತ.

ರಬ್ಬಿ ಹೋಗಿ ಕೇಳಿದ, "ಯಾವಾಗ ಬರ್ತೀರಿ?" "ಇವತ್ತು" ಅಂದ ಮೆಸ್ಸೀಯ. ಬರಲಿಲ್ಲ. ಸುಳ್ಳು ಹೇಳಿಬಿಟ್ಟ ಅಂತ ರಬ್ಬಿ ದೂರಿದಾಗ ಎಲೀಯ ಬೈಬಲಿನ ಕೀರ್ತನೆಯ ಸಾಲು ನೆನಪಿಸಿದ. ಅವನು ಹೇಳಿದ್ದು "ಇವತ್ತು, ನೀವು ದೇವರ ಮಾತು ಕೇಳಿದರೆ" ಅಂತ.