ಹಾವಿನ ಮೊಟ್ಟೆ ಗೊಡ್ಡೋ ಅಲ್ಲವೋ?

ಪ್ರಶ್ನೆ: ನಾವು ಸಾಕಿದ ಹಾವು, ಕಾರ್ನ್ ಸ್ನೇಕ್, 18 ಮೊಟ್ಟೆ ಇಟ್ಟಿದೆ. ನಾಲ್ಕು ಹಳದಿಯಾಗಿವೆ, ಎರಡಕ್ಕೆ ಬೂಷ್ಟು ಹಿಡಿದಿದೆ. ಉಳಿದವು ಕೆಡುವ ಮೊದಲೇ ಬಿಡಿಸಿ ಎಸೆಯಲೇ? ಅರಿಶಿನ ಹಚ್ಚಿದ್ದೇನೆ. (ನ್ಯೂಜೆರ್ಸಿಯ ಓದುಗರು)

ಉತ್ತರ: ಮೊಟ್ಟೆ ಇಡುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಆಗಲೇ ಕಿತ್ತು ಕಸದ ಬುಟ್ಟಿಗೆ ಹಾಕಿರುತ್ತಾರೆ. ನೀವು ಇನ್ನೂ ಹಾಕಿಲ್ಲ, ಸಂತೋಷ. ಅರಿಶಿನ ಮಾತ್ರ ಏಕೆ? ಆ ತೊಗಲಿನಂಥ ಚಿಪ್ಪಿನ ಮೂಲಕವೇ ಒಳಗಿನ ಮರಿಗೆ ಗಾಳಿ, ನೀರು ಹೋಗಬೇಕು. ಅದರ ಮೇಲೆ ಲೇಪ ಬಳಿಯುವುದು ಔಷಧವಲ್ಲ.

ನಿಜವಾದ ಗೊಡ್ಡು ಮೊಟ್ಟೆ ಇಟ್ಟ ದಿನವೇ ಗುರುತು ಸಿಗುತ್ತದೆ: ಚಿಕ್ಕದು, ಹಳದಿ, ಮೇಣ ಮೆತ್ತಿದಂತೆ ಗಟ್ಟಿ. ಸಾಕುವವರು ಇದನ್ನು ಸ್ಲಗ್ ಎನ್ನುತ್ತಾರೆ. ತೊಂದರೆ ಕೊಡುವುದು ನಡುವಿನವು, ಅಂದರೆ ಬಿಳಿಯಾಗಿದ್ದೂ ಸ್ವಲ್ಪ ಕುಗ್ಗಿದವು, ಕಲೆ ಬಿದ್ದವು. ಇವುಗಳ ತೀರ್ಪನ್ನು ಮೊದಲ ದಿನವೇ ಕೊಡಬೇಡಿ. ಒಂದು ವಾರ, ಹತ್ತು ದಿನ ಕಳೆಯಲಿ. ಕತ್ತಲೆ ಕೋಣೆಯಲ್ಲಿ ಚಿಕ್ಕ ಟಾರ್ಚನ್ನು ಚಿಪ್ಪಿಗೆ ತಾಗಿಸಿ ಹಿಡಿಯಿರಿ. ಒಳಗೆ ನಸುಗೆಂಪು ಬೆಳಕಿನಲ್ಲಿ ಎಳೆಎಳೆಯಾಗಿ ರಕ್ತನಾಳ ಹರಡಿದ್ದರೆ ಮರಿ ಇದೆ. ಬರೀ ಹಳದಿ ಬೆಳಕು, ಗೆರೆಯ ಸುಳಿವೇ ಇಲ್ಲ ಎಂದರೆ ಅನುಮಾನಪಡಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಿ. ನೋಡುವಾಗ ಮೊಟ್ಟೆಯನ್ನು ಹೊರಳಿಸಬಾರದು. ಇದು ಕೋಳಿಮೊಟ್ಟೆಯಲ್ಲ.

ಇನ್ನು ಬಿಡಿಸುವ ಮಾತು. ಇಟ್ಟ ಕೆಲವೇ ಗಂಟೆಗಳಲ್ಲಿ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ದಿನ ಕಳೆದ ಮೇಲೆ ಎಳೆದರೆ ಗೊಡ್ಡಿನ ಜೊತೆ ಒಳ್ಳೆಯದರ ಚಿಪ್ಪೂ ಹರಿಯುತ್ತದೆ. ಬಿಡಿಯಾಗಿರುವ ಗೊಡ್ಡನ್ನು ತೆಗೆಯಿರಿ, ಅಂಟಿದ್ದನ್ನು ಬಿಡಿ. ಬೂಷ್ಟು ಸತ್ತ ಮೊಟ್ಟೆಯ ಮೇಲೆ ಸೊಂಪಾಗಿ ಬೆಳೆದರೂ ಪಕ್ಕದ ಜೀವಂತ ಮೊಟ್ಟೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕೊಳೆತು ಸೋರಿ, ನೊಣ ಮುತ್ತುವ ಹಂತಕ್ಕೆ ಬಂದರೆ ಮಾತ್ರ ಚಿಕ್ಕ ಕತ್ತರಿಯಿಂದ ಸತ್ತ ಚಿಪ್ಪನ್ನು ಸುತ್ತಲೂ ಕತ್ತರಿಸಿ, ಅಂಟಿದ ತುಣುಕನ್ನು ಒಳ್ಳೆಯದರ ಮೈಮೇಲೆಯೇ ಬಿಟ್ಟುಬಿಡಿ.

ಬೂಷ್ಟು ಹೆಚ್ಚಾಗುತ್ತಿದೆಯೆಂದರೆ ಡಬ್ಬಿಯಲ್ಲಿ ಮೊಟ್ಟೆಯ ಕೆಳಗೆ ಹಾಸಿದ ವರ್ಮಿಕ್ಯುಲೈಟ್‌ನಲ್ಲಿ (ತೇವ ಹಿಡಿದಿಡುವ ಹಗುರ ಖನಿಜದ ಹರಳು) ನೀರು ಜಾಸ್ತಿಯಾಗಿದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಹನಿ ಬೀಳಬಾರದು. ತಾಪ ಸುಮಾರು 28 ಡಿಗ್ರಿ ಸೆಲ್ಸಿಯಸ್, ಅಲ್ಲಿನ ಲೆಕ್ಕದಲ್ಲಿ 82 ಫ್ಯಾರನ್‌ಹೀಟ್ ಇರಲಿ. ಎರಡು ತಿಂಗಳ ಆಚೀಚೆ ಮರಿ ಬರುತ್ತದೆ. ಬೇಗ ಬರಲೆಂದು ಬಿಸಿ ಏರಿಸುವವರಿಗೆ ಬೆನ್ನು ಸೊಟ್ಟಗಾದ ಮರಿ ಸಿಕ್ಕರೆ ನನ್ನನ್ನು ಕೇಳಬೇಡಿ. ಖಚಿತವಾಗದ ಮೊಟ್ಟೆ ಡಬ್ಬಿಯಲ್ಲೇ ಇದ್ದರೆ ನಿಮಗೇನೂ ನಷ್ಟವಿಲ್ಲ. ಎಸೆದದ್ದರಲ್ಲಿ ಮರಿ ಇದ್ದರೆ ಅದನ್ನು ತಂದುಕೊಡುವವರಿಲ್ಲ.

ಪ್ರಶ್ನೆ: ಗಂಡು ಹಾವೇ ಇಲ್ಲ, ಆದರೂ ಮೊಟ್ಟೆ ಇಟ್ಟಿತು!

ಉತ್ತರ: ಕೋಳಿಯೂ ಇಡುತ್ತದೆ.

ಪ್ರಶ್ನೆ: ಮೊಟ್ಟೆ ಫಲಿಸಲು ಡ್ರಾಪ್ಸ್ ಮಾರುತ್ತಿದ್ದಾರೆ, ಹಾಕಬಹುದೇ?

ಉತ್ತರ: ಇಟ್ಟಾದ ಮೊಟ್ಟೆಯನ್ನು ಫಲಿಸುವ ಡ್ರಾಪ್ಸ್ ಈ ಭೂಮಿಯ ಮೇಲಿಲ್ಲ. ಮಾರುವವನ ಜೇಬು ಮಾತ್ರ ಫಲಿಸುತ್ತದೆ.

ಪ್ರಶ್ನೆ: ಗೊಡ್ಡು ಮೊಟ್ಟೆ ಎಸೆದರೆ ನಾಗದೋಷ ಬರುತ್ತದೆ ಎಂದು ಊರಿನಿಂದ ಅತ್ತೆ ಫೋನ್ ಮಾಡಿದ್ದರು.

ಉತ್ತರ: ಇದು ಆಗ್ನೇಯ ಅಮೆರಿಕದ ಹಾವು, ವಿಷವಿಲ್ಲದ್ದು, ನಾಗರಹಾವಲ್ಲ. ಅತ್ತೆಗೆ ಹಾಗೆಯೇ ಹೇಳಿ.

ಪ್ರಶ್ನೆ: ಮೊಟ್ಟೆ ಇಟ್ಟು ಮೂರು ದಿನವಾಯಿತು, ಹೊಟ್ಟೆಯಲ್ಲಿ ಇನ್ನೂ ಎರಡು ಗಂಟು ಕೈಗೆ ಸಿಗುತ್ತಿವೆ. ವಿಡಿಯೊದಲ್ಲಿ ತೋರಿಸಿದಂತೆ ಒತ್ತಿ ಹೊರಹಾಕಲೇ?

ಉತ್ತರ: ಕೈ ತೆಗೆಯಿರಿ. ಎಲ್ಲರೂ ಡಬ್ಬಿಯನ್ನು ಕಾಯುತ್ತಾರೆ, ತಾಯಿಯನ್ನು ನೋಡುವವರು ಕಡಿಮೆ. ಒಳಗೆ ಸಿಕ್ಕಿಕೊಂಡ ಮೊಟ್ಟೆ ಒಣಗಿ ಗರ್ಭನಾಳಕ್ಕೆ ಅಂಟುತ್ತದೆ. ಒತ್ತಿದರೆ ನಾಳವೇ ಹರಿದು ಹಾವು ಸಾಯಬಹುದು. ಇಂದೇ ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯಿರಿ. ಎಕ್ಸ್‌ರೇ ಬೇಕಾಗಬಹುದು, ಸೂಜಿಯಿಂದ ಮೊಟ್ಟೆಯ ಒಳಭಾಗವನ್ನು ಹೀರಿ ಕುಗ್ಗಿಸಬೇಕಾಗಬಹುದು, ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಮೊದಲ ಮೊಟ್ಟೆ ಇಟ್ಟ ದಿನಾಂಕ ಮತ್ತು ಇಟ್ಟ ಮೊಟ್ಟೆಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಂಡೊಯ್ಯಿರಿ.