ಮೋಡ ಸರಿದಾಗಲೆಲ್ಲ ಏರಿಳಿಯುವ ಪರದೆ

ಪ್ರಶ್ನೆ: ನಮ್ಮ ಕಚೇರಿಯ ಮೋಟರ್ ರೋಲರ್ ಬ್ಲೈಂಡ್‌ಗಳು ಮೋಡ ಕವಿದರೆ ಏರುತ್ತವೆ, ಬಿಸಿಲು ಬಂದರೆ ಇಳಿಯುತ್ತವೆ. ಗಂಟೆಗೆ ಹತ್ತು ಸಲವೂ ಆಗುವುದುಂಟು. ಬೇಸತ್ತ ಸಿಬ್ಬಂದಿ ಆಟೋ ಸ್ವಿಚ್ಚನ್ನೇ ಆಫ್ ಮಾಡಿದ್ದಾರೆ. ಸೆನ್ಸರ್ ಬದಲಿಸಬೇಕೆ?

ಉತ್ತರ: ಬೇಡ. ಸೆನ್ಸರ್ ಹೇಳಿದ್ದನ್ನೆಲ್ಲ ಕಂಟ್ರೋಲರ್ ಕೂಡಲೇ ನಂಬುತ್ತಿದೆ, ತೊಂದರೆ ಅಲ್ಲಿದೆ. ಏರಲು, ಇಳಿಯಲು ಒಂದೇ ಮಿತಿ ಕೊಟ್ಟಿದ್ದರೆ ಹೀಗಾಗುತ್ತದೆ. ಗಾಜಿನ ಮೇಲಿನ ಬಿಸಿಲು ಚದರ ಮೀಟರಿಗೆ 200 ವ್ಯಾಟ್ ದಾಟಿದರೆ ಇಳಿಯಲಿ, 120ಕ್ಕಿಂತ ಕಡಿಮೆಯಾದರಷ್ಟೇ ಏರಲಿ. ಇಲ್ಲಿಂದ ಶುರು ಮಾಡಿ, ಆಮೇಲೆ ನಿಮ್ಮ ಗಾಜಿಗೆ ತಕ್ಕಂತೆ ತಿದ್ದಿಕೊಳ್ಳಿ. ಕಾಯುವ ಸಮಯವೂ ಬೇರೆ ಬೇರೆ ಇರಲಿ: ಇಳಿಯಲು 2–3 ನಿಮಿಷ, ಏರಲು 20–30 ನಿಮಿಷ. ಕಣ್ಣು ಕುಕ್ಕುವ ಬಿಸಿಲನ್ನು ಯಾರೂ ಸಹಿಸುವುದಿಲ್ಲ, ಆದರೆ ಪರದೆ ತಡವಾಗಿ ಎದ್ದರೆ ಯಾರ ಗಮನಕ್ಕೂ ಬರುವುದಿಲ್ಲ.

ಪೂರ್ತಿ ಮುಚ್ಚು, ಪೂರ್ತಿ ತೆರೆ ಎಂಬ ಎರಡೇ ಸ್ಥಿತಿ ಇದ್ದರೆ ಅದನ್ನೂ ಬಿಡಿಸಿ. ಸೂರ್ಯನ ಎತ್ತರ ನೋಡಿ ಪರದೆ ಅಷ್ಟಷ್ಟೇ ಇಳಿಯಬೇಕು. ಮೇಜಿನ ಎತ್ತರ 75 ಸೆಂ.ಮೀ., ಗಾಜಿನಿಂದ ಅದರ ದೂರ 1 ಮೀಟರ್ ಎಂದುಕೊಳ್ಳಿ. ಸೂರ್ಯ ನೇರ ಎದುರಿಗೆ 30 ಡಿಗ್ರಿ ಎತ್ತರದಲ್ಲಿದ್ದರೆ, ಪರದೆಯ ಕೆಳ ಅಂಚು ನೆಲದಿಂದ 133 ಸೆಂ.ಮೀ.ಗಿಂತ ಮೇಲಿದ್ದಾಗ ಮೇಜಿಗೆ ಬಿಸಿಲು ತಾಗುತ್ತದೆ. ಅದೇ ಸೂರ್ಯ ಪಕ್ಕಕ್ಕೆ 60 ಡಿಗ್ರಿ ಸರಿದಿದ್ದರೆ 190 ಸೆಂ.ಮೀ. ವರೆಗೂ ತೆರೆದಿಡಬಹುದು.

ಈ ಲೆಕ್ಕವನ್ನು ಕಂಟ್ರೋಲರ್ ತಾನೇ ಮಾಡಿಕೊಳ್ಳುತ್ತದೆ. ತಪ್ಪಾಗುವುದು ಅದಕ್ಕೆ ಮಾಹಿತಿ ತುಂಬುವಾಗ. ನಕ್ಷೆಯಲ್ಲಿ ಬರೆಯಲು ಅನುಕೂಲವೆಂದು ಕಟ್ಟಡವನ್ನು ನೇರ ಮಾಡಿ ಒಂದು 'ಉತ್ತರ' ಇಟ್ಟುಕೊಂಡಿರುತ್ತಾರೆ. ನಿಜವಾದ ಉತ್ತರ ಅದಕ್ಕಿಂತ 15–20 ಡಿಗ್ರಿ ಆಚೆ ಇರಬಹುದು. ಹಾಗಾದರೆ ಪ್ರತಿಯೊಂದು ಗೋಡೆಯಲ್ಲೂ ಪರದೆ ಹೊತ್ತು ತಪ್ಪಿ ಇಳಿಯುತ್ತದೆ. ಒಂದೇ ಗೋಡೆಯಲ್ಲಿ ಹೀಗಾದರೆ ಆ ಗೋಡೆಯ ದಿಕ್ಕಿನ ಅಂಕಿ ನೋಡಿ. ಸರಿಯಾಗಿ ಒಂದು ಗಂಟೆ ವ್ಯತ್ಯಾಸವಿದ್ದರೆ ಗಡಿಯಾರ, ಕಾಲವಲಯ ನೋಡಿ.

ಇನ್ನು, ಕೈಸ್ವಿಚ್ಚನ್ನು ಕಿತ್ತುಹಾಕಬೇಡಿ. ಸಿಬ್ಬಂದಿ ಒತ್ತಿದರೆ ಎರಡು ಗಂಟೆ ಅವರ ಮಾತು ನಡೆಯಲಿ, ಆಮೇಲೆ ಪರದೆ ತಾನಾಗಿ ಆಟೋಗೆ ಮರಳಲಿ. ಈ ಮರಳುವಿಕೆ ಇಲ್ಲದಿದ್ದರೆ ಒಮ್ಮೆ ಇಳಿಸಿದ ಪರದೆ ತಿಂಗಳುಗಟ್ಟಲೆ ಇಳಿದೇ ಇರುತ್ತದೆ, ಕೆಳಗೆ ಹಗಲೆಲ್ಲ ದೀಪ ಉರಿಯುತ್ತದೆ.

ಪ್ರಶ್ನೆ: ಹಗಲಿನ ಬೆಳಕಿಗೆ ತಕ್ಕಂತೆ ದೀಪ ಮಂಕಾಗುವ ವ್ಯವಸ್ಥೆ ನಮ್ಮಲ್ಲಿದೆ. ಪರದೆ ಇಳಿದ ಮೇಲೆ ಮೇಜಿನ ಮೇಲೆ ಕತ್ತಲು, ದೀಪ ಮಾತ್ರ ಏರುವುದಿಲ್ಲ. ಏಕೆ?

ಉತ್ತರ: ಚಾವಣಿಯ ಸೆನ್ಸರ್ ಮೇಜಿಗೆ ಬೀಳುವ ಬೆಳಕನ್ನು ಅಳೆಯುವುದಿಲ್ಲ; ತನ್ನ ಕಣ್ಣಿಗೆ ಬೀಳುವುದನ್ನು ಅಳೆಯುತ್ತದೆ. ಕಿಟಕಿಗೆ ತೀರಾ ಹತ್ತಿರವಿದ್ದರೆ ಬಿಸಿಲಿಗೆ ಬೆಳಗುವ ಪರದೆಯೇ ಅದಕ್ಕೆ ಕಾಣುತ್ತದೆ. 'ಬೇಕಾದಷ್ಟು ಬೆಳಕಿದೆ' ಎಂದು ದೀಪ ತಗ್ಗಿಸಿಬಿಡುತ್ತದೆ. ಸೆನ್ಸರನ್ನು ಒಳಕ್ಕೆ ಸರಿಸಿ, ಆಗದಿದ್ದರೆ ಕಿಟಕಿಯ ಕಡೆ ಮರೆ ಕಟ್ಟಿ. ಆಮೇಲೆ ಎರಡು ಸಲ ಹೊಂದಿಸಬೇಕು: ರಾತ್ರಿ ಬರೀ ದೀಪದಲ್ಲಿ ಒಮ್ಮೆ, ಹಗಲು ಪರದೆ ಇಳಿಸಿ ಇನ್ನೊಮ್ಮೆ. ಎರಡೂ ಸಲ ಬೆಳಕು ಅಳೆಯುವ ಲಕ್ಸ್ ಮೀಟರನ್ನು ಮೇಜಿನ ಮೇಲಿಟ್ಟು 500 ಲಕ್ಸ್ ಇದೆಯೇ ನೋಡಿ. ರಾತ್ರಿಯ ಹೊಂದಾಣಿಕೆ ಮುಗಿಸಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಕಿಟಕಿ ಪಕ್ಕದ ಸಾಲಿನ ದೀಪಗಳು ಒಳಗಿನ ಸಾಲಿನೊಂದಿಗೆ ಒಂದೇ ಗುಂಪಿನಲ್ಲಿದ್ದರೆ ಬೇರ್ಪಡಿಸಿ, ಇಲ್ಲದಿದ್ದರೆ ಎಷ್ಟು ಹೊಂದಿಸಿದರೂ ಯಾವುದಾದರೊಂದು ಸಾಲಿನವರು ದೂರುತ್ತಲೇ ಇರುತ್ತಾರೆ.

ಪ್ರಶ್ನೆ: ಒಂದೇ ಸ್ವಿಚ್ಚಿಗೆ ಎರಡು ಟ್ಯೂಬ್ ಮೋಟರ್ (ಪರದೆ ಸುತ್ತುವ ಕೊಳವೆಯೊಳಗೆ ಕೂರುವ ಮೋಟರ್) ಜೋಡಿಸಿದ್ದೇವೆ. ತುದಿ ಮುಟ್ಟಿದ ಮೋಟರ್ ಹಿಂದಕ್ಕೆ ತಿರುಗುತ್ತದೆ.

ಉತ್ತರ: ನೇರ ಜೋಡಣೆಯೇ ತಪ್ಪು. ಮೊದಲನೆಯದು ಮಿತಿ ಮುಟ್ಟಿ ನಿಂತಾಗ, ಇನ್ನೂ ಓಡುತ್ತಿರುವ ಎರಡನೆಯದರ ಕೆಪಾಸಿಟರ್ ಮೂಲಕ ಹಿಮ್ಮುಖ ವೋಲ್ಟೇಜ್ ಅದಕ್ಕೆ ಹರಿಯುತ್ತದೆ. ಹೀಗೇ ಬಿಟ್ಟರೆ ತುದಿಯಲ್ಲಿ ಮೋಟರ್ ನಿಲ್ಲಿಸುವ ಮಿತಿ ಸ್ವಿಚ್ ಸುಡುತ್ತದೆ. ಪ್ರತಿ ಮೋಟರಿಗೂ ಬೇರೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಇರುವ ಗುಂಪು ನಿಯಂತ್ರಣ ಪೆಟ್ಟಿಗೆ ಹಾಕಿಸಿ. ಪರೀಕ್ಷಿಸುವಾಗ ಮೋಟರ್ ನಡುವೆ ನಿಂತುಬಿಟ್ಟರೆ ಗಾಬರಿ ಬೇಡ. ಇಂಥವು ಸತತವಾಗಿ ನಾಲ್ಕೈದು ನಿಮಿಷ ಓಡಿದರೆ ಬಿಸಿಯಾಗಿ ತಾವೇ ನಿಲ್ಲುತ್ತವೆ, ಆರಿದ ಮೇಲೆ ಮತ್ತೆ ಓಡುತ್ತವೆ.