ಸಿಡುಕಿನವರು ನರ್ಸ್ ಆಗಬಾರದಾ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ಒಬ್ಬರ ಉತ್ತರ

ಪ್ರಶ್ನೆ: ಸಿಸ್ಟರ್, ನಾನು ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮೊದಲ ವರ್ಷದಲ್ಲಿದ್ದೇನೆ. ನಗುನಗುತ್ತಾ ಮಾತಾಡಲು ನನಗೆ ಬರುವುದಿಲ್ಲ, ಸ್ವಲ್ಪ ಸಿಡುಕು ಬೇರೆ. ಬೆಡ್‌ಪ್ಯಾನ್ ಎತ್ತುವಾಗ ಹೊಟ್ಟೆ ತೊಳಸುತ್ತದೆ. ಕಾಲೇಜಿನಲ್ಲಿ ಮಾತೆತ್ತಿದರೆ ಕರುಣೆ, ತ್ಯಾಗ, ತಾಳ್ಮೆ ಅನ್ನುತ್ತಾರೆ. ಅವು ನನ್ನಲ್ಲಿಲ್ಲ ಅನಿಸುತ್ತಿದೆ. ಕೋರ್ಸ್ ಬಿಟ್ಟುಬಿಡಲಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ನಿನ್ನ ವಯಸ್ಸಿನವರಿಗೆ 'ನೀವು' ಅಂತ ಬರೆಯಲು ನನಗೆ ಕೈ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬಿಡಬೇಡ ಕಣಮ್ಮ, ಇಷ್ಟಕ್ಕೆಲ್ಲ ಯಾರಾದರೂ ಬಿಡುತ್ತಾರಾ?

ಹೊಟ್ಟೆ ತೊಳಸುವುದಕ್ಕೂ ನಿನ್ನ ಗುಣಕ್ಕೂ ಸಂಬಂಧವಿಲ್ಲ. ಮಾಸ್ಕ್ ಹಾಕಿಕೋ, ಬಾಯಲ್ಲಿ ಉಸಿರಾಡು, ಬರಬರುತ್ತಾ ರೂಢಿಯಾಗುತ್ತದೆ. ನಾನು ಹುಡುಗಿಯರನ್ನು ವಾರ್ಡಿನಲ್ಲಿ ನೋಡುವಾಗ ಗಮನಿಸುತ್ತಿದ್ದದ್ದು ಬೇರೆ. ಪರದೆ ಎಳೆದಳಾ ಇಲ್ಲವಾ? ಪಕ್ಕದ ಬೆಡ್ಡಿನವರ ನೆಂಟರೆಲ್ಲ ನಿಂತಿರುವಾಗಲೇ ಎಪ್ಪತ್ತು ದಾಟಿದ ಅಜ್ಜನ ಪಂಚೆ ಸರಿಸಿಬಿಟ್ಟರೆ, ಆಕೆ ಎಷ್ಟೇ ನಗುಮುಖದವಳಾಗಿರಲಿ, ಅಜ್ಜನಿಗೆ ಆಗುವ ಸಂಕಟ ಆಗಿಯೇ ಆಗುತ್ತದೆ. ಅದೇ ಇನ್ನೊಬ್ಬಳು ಮುಖ ಗಂಟು ಹಾಕಿಕೊಂಡೇ ಪರದೆ ಎಳೆದು, ಮೇಲೊಂದು ಹೊದಿಕೆ ಹೊದಿಸಿ, "ಅಜ್ಜಾ, ಸೊಂಟ ಸ್ವಲ್ಪ ಎತ್ತಿ, ಪ್ಯಾನ್ ತಣ್ಣಗಿರತ್ತೆ" ಅಂತ ಮೊದಲೇ ಹೇಳಿ, ಮುಗಿದ ಮೇಲೆ ಅವರಿಗೂ ಕೈ ತೊಳೆಯಲು ನೀರು ಕೊಡುತ್ತಾಳೆ. ನನ್ನನ್ನು ಕೇಳಿದರೆ ಇವಳೇ ಒಳ್ಳೆಯ ನರ್ಸ್. ಕರುಣೆ ಅಂತ ನಿಮ್ಮ ಕಾಲೇಜಿನಲ್ಲಿ ಹೇಳುತ್ತಾರಲ್ಲ, ಅದು ಇಷ್ಟೇ ಸಣ್ಣ ಕೆಲಸಗಳಲ್ಲಿ ಇರುತ್ತದೆ, ಮತ್ತೆ ಇವೆಲ್ಲ ಕಲಿತರೆ ಬರುವಂಥವು.

ಅರುಣಾ ಶಾನಭಾಗ ಅವರ ಹೆಸರು ಕೇಳಿರಬಹುದು. ನಮ್ಮ ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ದಾಳಿ ಮಾಡಿದ. ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು ಮತ್ತೆ ಏಳಲೇ ಇಲ್ಲ, 2015ರ ಮೇ 18ರಂದು ತೀರಿಕೊಂಡರು. ಅಷ್ಟೂ ವರ್ಷ ಅವರನ್ನು ನೋಡಿಕೊಂಡಿದ್ದು ಅಲ್ಲಿನ ನರ್ಸ್‌ಗಳು. ಒಬ್ಬರು ರಿಟೈರ್ ಆದರೆ ಮುಂದಿನವರು. ಘಟನೆ ನಡೆದಾಗ ಹುಟ್ಟಿಯೇ ಇರದಿದ್ದವರೂ ಅವರಿಗೆ ಸ್ನಾನ ಮಾಡಿಸಿದ್ದಾರೆ, ಊಟ ಮಾಡಿಸಿದ್ದಾರೆ. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಬೇಡ ಅಂತ ನಿಂತವರೂ ಅವರೇ. 2011ರ ತೀರ್ಪಿನಲ್ಲಿ ಕೋರ್ಟ್ ಅವರ ಆರೈಕೆಯನ್ನು ಹೊಗಳಿತು. ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದು ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಇರಲಿಲ್ಲ ಅನ್ನುವ ವಿಷಯ ಆಗ ಎಲ್ಲರ ಬಾಯಲ್ಲೂ ಇತ್ತು. ಹೊರಗಿನವರಿಗೆ ಇದು ಸಣ್ಣ ಮಾತು ಅನಿಸಬಹುದು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಬೆನ್ನು, ಸೊಂಟ, ಹಿಮ್ಮಡಿ ನೋಡಬೇಕು, ಹಾಸಿಗೆ ಒದ್ದೆಯಾದರೆ ಆಗಲೇ ಬದಲಿಸಬೇಕು, ರಾತ್ರಿಯೂ. ಆ ನರ್ಸ್‌ಗಳೆಲ್ಲ ಶಾಂತಮೂರ್ತಿಗಳೇ ಆಗಿದ್ದರು ಅಂತ ನಾನಂತೂ ನಂಬುವುದಿಲ್ಲ! ಅವರಲ್ಲೂ ನಿನ್ನಂಥ ಸಿಡುಕಿಯರು ಇದ್ದೇ ಇರುತ್ತಾರೆ.

ಆದರೆ ಸಿಡುಕಿನ ಬಗ್ಗೆ ಒಂದು ಎಚ್ಚರ ಇರಲಿ. "ಸಿಸ್ಟರ್ ಬೈತಾರೆ" ಅಂತ ಎದೆನೋವನ್ನೂ ಹೇಳದೆ ಬೆಳಗಿನವರೆಗೆ ಸುಮ್ನೆ ಮಲಗಿರುವ ರೋಗಿಗಳಿದ್ದಾರೆ. ಬೇಕಾದರೆ ನಮ್ಮ ಮೇಲೆ, ಸ್ಟಾಫ್ ರೂಮಿನಲ್ಲಿ ಸಿಡುಕು. ಬೆಲ್ ಒತ್ತಿದವರ ಮೇಲೆ ಬೇಡ.

ಪ್ರಶ್ನೆ: ಮೇಡಂ, ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ನಾನು. ನೈಟ್ ಡ್ಯೂಟಿಯಲ್ಲಿ ಮೂವತ್ತು ರೋಗಿಗಳಿಗೆ ಇಬ್ಬರೇ. ಬೆಳಗಿನ ಜಾವದ ಬಿಪಿ, ಪಲ್ಸ್ ನೋಡದೆಯೇ ಹಿಂದಿನದರ ಆಸುಪಾಸಿನ ನಂಬರ್ ಬರೆದುಬಿಡು, ಎಲ್ಲರೂ ಹಾಗೇ ಮಾಡುವುದು ಅಂತ ಸೀನಿಯರ್ ಹೇಳುತ್ತಾರೆ. ಒಪ್ಪದಿದ್ದರೆ ನಾನೇ ದಡ್ಡಿ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಬರೆಯಬೇಡಿ.

ಯಾಕೆ ಅಂತ ನಿಮಗೂ ಗೊತ್ತು, ಆದರೂ ಹೇಳುತ್ತೇನೆ. ಆಪರೇಷನ್ ಆದ ರೋಗಿಗೆ ಒಳಗೆ ರಕ್ತ ಸೋರುತ್ತಿದೆ ಅಂದುಕೊಳ್ಳಿ. ಸಾಮಾನ್ಯವಾಗಿ ಮೊದಲು ಏರುವುದು ಪಲ್ಸ್: 84 ಇದ್ದದ್ದು 98, ಆಮೇಲೆ 112. ಬಿಪಿ ಬೀಳುವುದು ತಡವಾಗಿ, ಅಷ್ಟರಲ್ಲಿ ಸಮಯ ಮೀರುತ್ತಾ ಬಂದಿರುತ್ತದೆ. ನಡುವಿನ 98ರ ಜಾಗದಲ್ಲಿ ನೀವು ಅಂದಾಜಿಗೆ 86 ಬರೆದರೆ ಡಾಕ್ಟರಿಗೆ ಚಾರ್ಟಿನಲ್ಲಿ ಏನೂ ಕಾಣುವುದಿಲ್ಲ. ಉಸಿರಾಟದ ಲೆಕ್ಕದ ಕಥೆಯಂತೂ ಬೇಡ! ಯಾವ ವಾರ್ಡಿನ ಚಾರ್ಟ್ ತೆಗೆದರೂ ಎಲ್ಲರದ್ದೂ 18, ಇಲ್ಲವೇ 20. ಎದೆ ಏರಿಳಿಯುವುದನ್ನು ಒಂದು ನಿಮಿಷ ನಿಂತು ಎಣಿಸಿದವರು ಎಷ್ಟು ಜನ? ರೋಗಿ ಕೆಡುತ್ತಿದ್ದಾನೆ ಅನ್ನುವ ಸುಳಿವು ಎಷ್ಟೋ ಸಲ ಮೊದಲು ಸಿಗುವುದೇ ಅಲ್ಲಿ.

ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದಿರುವ ಚಿತ್ರ ಎಲ್ಲ ನರ್ಸಿಂಗ್ ಕಾಲೇಜಿನ ಗೋಡೆಯಲ್ಲೂ ಇದೆ. ಆಯಮ್ಮ ಲೆಕ್ಕದಲ್ಲಿ ಎಷ್ಟು ಗಟ್ಟಿ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕ ಹಾಕಿ, ಗಾಯದಿಂದ ಸತ್ತವರಿಗಿಂತ ತಡೆಯಬಹುದಾದ ರೋಗಗಳಿಂದ ಸತ್ತವರೇ ಜಾಸ್ತಿ ಅಂತ 1858ರಲ್ಲಿ ಗ್ರಾಫ್ ಬರೆದು ಸರ್ಕಾರಕ್ಕೆ ತೋರಿಸಿದರು. ಅಂದಾಜಿನ ನಂಬರ್ ಬರೆದು ಮಾಡುವ ಕೆಲಸವಾ ಅದು?

ಈಗ ನಿಮ್ಮ ಕಷ್ಟಕ್ಕೆ ಬರೋಣ. ಎಲ್ಲರನ್ನೂ ನೋಡಲು ಆಗದಿದ್ದರೆ ಆಪರೇಷನ್ ಆದವರು, ಆಕ್ಸಿಜನ್‌ನಲ್ಲಿರುವವರು, ಜ್ವರ ಇರುವವರು, ಹೊಸದಾಗಿ ಅಡ್ಮಿಟ್ ಆದವರು, ಇವರನ್ನು ಮೊದಲು ನೋಡಿ. ಉಳಿದವರ ಕಾಲಂ ಖಾಲಿ ಬಿಡಿ, ನೋಡಲು ಆಗಿಲ್ಲ ಅಂತ ಬರೆಯಿರಿ, ಬೆಳಗ್ಗೆ ಮುಂದಿನವರಿಗೆ ಡ್ಯೂಟಿ ಒಪ್ಪಿಸುವಾಗ ಬಾಯಿಬಿಟ್ಟು ಹೇಳಿ. 6 ಗಂಟೆಯ ಆಂಟಿಬಯಾಟಿಕ್ 7.40ಕ್ಕೆ ಕೊಟ್ಟರೆ 7.40 ಅಂತಲೇ ಬರೆಯಬೇಕು. ಒಂದು ಡೋಸ್ ಪೂರ್ತಿ ತಪ್ಪಿದ್ದರೆ ಡಾಕ್ಟರಿಗೆ ಹೇಳಿ, ಸರಿದೂಗಿಸಲು ಅಂತ ನೀವಾಗಿಯೇ ಎರಡು ಕೊಡುವುದಂತೂ ಬೇಡ. ಆ ದಿನ ಬೈಗುಳ ಬೀಳಬಹುದು, ಬೀಳಲಿ.

ಸೀನಿಯರ್ ಒಬ್ಬರ ಮೇಲೇ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ. ನಿಮ್ಮಲ್ಲಿ ಹದಿನೈದಕ್ಕೆ ಒಬ್ಬರು. ಜನ ಕೊಡದೆ ಪ್ರಾಮಾಣಿಕತೆ ಬಗ್ಗೆ ಭಾಷಣ ಮಾಡುವ ಮ್ಯಾನೇಜ್‌ಮೆಂಟ್‌ಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ರಾತ್ರಿ ಎಷ್ಟು ರೋಗಿಗಳು, ಎಷ್ಟು ಸ್ಟಾಫ್, ಯಾವ ಕೆಲಸ ಉಳಿಯಿತು ಅಂತ ಬರೆದು ಸೂಪರಿಂಟೆಂಡೆಂಟ್‌ಗೆ ಕೊಡುತ್ತಾ ಬನ್ನಿ, ಒಂದು ಕಾಪಿ ನಿಮ್ಮ ಹತ್ತಿರ ಇರಲಿ. ರೋಗಿಗಳ ಹೆಸರು ಹಾಕಬೇಡಿ. ಚಾರ್ಟೆಲ್ಲ ತುಂಬಿದ್ದರೆ ಸ್ಟಾಫ್ ಕಡಿಮೆ ಇದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಖಾಲಿ ಕಾಲಂ ಇದ್ದರೆ ಬೀಳುತ್ತದೆ.

ಪ್ರಶ್ನೆ: ನಮ್ಮ ಅತ್ತೆಯನ್ನು ಚೆನ್ನಾಗಿ ನೋಡಿಕೊಂಡ ಸಿಸ್ಟರ್‌ಗೆ ಡಿಸ್ಚಾರ್ಜ್ ದಿನ ಖುಷಿಗೆ ಅಂತ 500 ರೂಪಾಯಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅವರಿಗೆ ಬೇಜಾರಾಯಿತೇನೋ?
– ಗೃಹಿಣಿ, ಶಿವಮೊಗ್ಗ

ಉತ್ತರ: ಬೇಜಾರೇನೂ ಆಗಿರುವುದಿಲ್ಲ ಬಿಡಿ. ನೀವು ಕೊಡುವುದನ್ನು ಪಕ್ಕದ ಬೆಡ್ಡಿನವರು ನೋಡುತ್ತಾರೆ. ದುಡ್ಡಿಲ್ಲದವರಾದರೆ, ನಮ್ಮನ್ನು ಇನ್ನು ಯಾರು ನೋಡುತ್ತಾರೆ ಅಂದುಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ತೆಗೆದುಕೊಂಡಿಲ್ಲ. ಇಡೀ ವಾರ್ಡಿಗೆ ಒಂದು ಬಾಕ್ಸ್ ಸ್ವೀಟ್ ಕೊಟ್ಟರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಅದಕ್ಕಿಂತ, ಆ ಸಿಸ್ಟರ್ ಹೆಸರು, ವಾರ್ಡ್, ತಾರೀಖು ಹಾಕಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ನಾಲ್ಕು ಸಾಲು ಬರೆದು ಕೊಡಿ. ಚೆನ್ನಾಗಿ ನೋಡಿಕೊಂಡರು ಅಂತ ಬರೆದರೆ ಸಾಲದು, ಏನು ಮಾಡಿದರು ಅನ್ನುವುದನ್ನೇ ಬರೆಯಿರಿ.